ತಂತ್ರಜ್ಞಾನ ಓದಿದ ಹೆಣ್ಣುಮಕ್ಕಳಿಗೆ ಹೊರದೇಶದ ಫೆಲೋಶಿಪ್‌ಗಳು: ಗಡಿನಾಡ ಕನ್ನಡಿಗರಿಗೆ ಒಂದು ಮಾಹಿತಿ

ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಕುಣಿಕೋಣೂರದಂಥ ಊರಿನ ಹುಡುಗಿಯ ಓದು ಮೂರು ಭಾಷೆಗಳ ನಡುವೆ ಸಾಗುತ್ತದೆ. ಮನೆಯಲ್ಲಿ ಕನ್ನಡ, ಕಚೇರಿ ಕಾಗದಪತ್ರಗಳಲ್ಲಿ ಮರಾಠಿ, ಇಂಜಿನಿಯರಿಂಗ್ ಸೇರಿದ ಮೇಲೆ ಇಂಗ್ಲಿಷ್. ಶಾಲೆಯ ಹಂತದಲ್ಲಿ ಇದು ಅಷ್ಟು ದೊಡ್ಡ ಅಡಚಣೆಯಲ್ಲ. ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಮಹಾರಾಷ್ಟ್ರ ಮಂಡಳಿಯ ಹತ್ತನೆಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನಿಜವಾದ ಅಡಚಣೆ ಬರುವುದು ಬಿ.ಇ. ಮುಗಿದ ಮೇಲೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಎರಡು ವರ್ಷ ಕೆಲಸ ಮಾಡುವಷ್ಟರಲ್ಲಿ ಮನೆಯಲ್ಲಿ ಮದುವೆಯ ಮಾತು ಶುರುವಾಗಿರುತ್ತದೆ. ಎಂ.ಎಸ್. ಅಥವಾ ಪಿಎಚ್.ಡಿ.ಗೆ ಹೊರದೇಶಕ್ಕೆ ಹೋಗುವೆನೆಂದರೆ ಲಕ್ಷಗಟ್ಟಲೆ ಸಾಲ. ಮಗನ ಓದಿಗೆ ಹೊಲ ಅಡವಿಡುವ ಮನೆಗಳು ಮಗಳ ಓದಿಗೂ ಹಾಗೆ ಮಾಡುವುದು ಅಪರೂಪ. ಖರ್ಚನ್ನೆಲ್ಲ ಹೊರುವ ಫೆಲೋಶಿಪ್ ಒಂದು ಕೈಗೆ ಬಂದರೆ ಮನೆಯೊಳಗಿನ ಮಾತಿನ ಧಾಟಿಯೇ ಬದಲಾಗುತ್ತದೆ. ಆದ್ದರಿಂದ ಈ ಫೆಲೋಶಿಪ್‌ಗಳ ಸಂಗತಿಯನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಕರ್ನಾಟಕದ ಮೊದಲ ಉದಾಹರಣೆ

ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿಯವರ ವೃತ್ತಿಜೀವನವೇ ಎರಡು ವಿದ್ಯಾರ್ಥಿವೇತನಗಳ ಮೇಲೆ ನಿಂತದ್ದು. ಅವರು ಹುಟ್ಟಿದ್ದು 1922ರ ಜನವರಿ 24ರಂದು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು. ವಿಧವೆಯರು ಮತ್ತು ಗಂಡ ಬಿಟ್ಟ ಹೆಂಗಸರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಅಂಥ ಅಜ್ಜಿಯಿದ್ದ ಮನೆ ಎಲ್ಲ ಹುಡುಗಿಯರಿಗೂ ಸಿಗುವುದಿಲ್ಲ, ಅದನ್ನು ಮರೆಯಬಾರದು. ರಾಜೇಶ್ವರಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ್ದು ಗಣಿತ. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮೊದಲ ಸ್ಥಾನ ಪಡೆದು ಎಂ.ಎಸ್ಸಿ. ಮುಗಿಸಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗಕ್ಕೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಗಣಿತದಿಂದ ಇಂಜಿನಿಯರಿಂಗಿಗೆ ದಾಟಿದ್ದು ಹೀಗೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಆಗಿನ ಮಧ್ಯಂತರ ಸರ್ಕಾರ ಪ್ರತಿಭಾವಂತರನ್ನು ಆರಿಸಿ ಹೊರದೇಶದ ಓದಿಗೆ ಕಳುಹಿಸುತ್ತಿತ್ತು. 1946ರಲ್ಲಿ ಅವರಿಗೆ ಆ ವಿದ್ಯಾರ್ಥಿವೇತನ ಸಿಕ್ಕಿತು. 1947ರ ಜುಲೈನಲ್ಲಿ, ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸಿದ್ದ ಹಡಗೊಂದನ್ನು ಹತ್ತಿ, ಸುಮಾರು ಮೂವತ್ತು ದಿನ ಪ್ರಯಾಣ ಮಾಡಿ ಅಮೆರಿಕ ತಲುಪಿದರು. (ಸಾಂಗಲಿಯಲ್ಲಿ ಈಗ ವಾಲಚಂದ್ ಕಾಲೇಜು ಎಂದು ಹೆಸರಾಗಿರುವ ಇಂಜಿನಿಯರಿಂಗ್ ಕಾಲೇಜು ಶುರುವಾದದ್ದೂ ಅದೇ 1947ರಲ್ಲಿ.) ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಪಡೆದರು. ಸರ್ಕಾರದೊಂದಿಗಿನ ಕರಾರಿನಂತೆ ವಾಷಿಂಗ್ಟನ್‌ನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ರೇಡಿಯೋ ಅಳತೆಗಳ ಪ್ರಾಯೋಗಿಕ ತರಬೇತಿಯನ್ನೂ ಮುಗಿಸಿದರು.

ಎರಡನೆಯ ನೆರವು ಬಂದದ್ದು ಇಲ್ಲಿ. ಮಿಶಿಗನ್‌ನಲ್ಲಿ ಲೆವಿ ಬಾರ್ಬರ್ ಎಂಬ ಡೆಟ್ರಾಯಿಟ್‌ನ ವಕೀಲರು 1917ರಲ್ಲಿ ಏಷ್ಯಾದ ಹೆಣ್ಣುಮಕ್ಕಳಿಗೆಂದೇ ದತ್ತಿಯೊಂದನ್ನು ಇಟ್ಟಿದ್ದರು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರು ಇದೇ ದತ್ತಿಯಿಂದ ಓದಿ 1931ರಲ್ಲಿ ಡಾಕ್ಟರೇಟ್ ಪಡೆದಿದ್ದರು. 1949ರಲ್ಲಿ ರಾಜೇಶ್ವರಿಯವರಿಗೂ ಬಾರ್ಬರ್ ವಿದ್ಯಾರ್ಥಿವೇತನ ದೊರೆಯಿತು. ಮೊದಲ ನೆರವಿನಲ್ಲಿ ಸ್ನಾತಕೋತ್ತರ ಪದವಿ ಮುಗಿದಿತ್ತು, ಡಾಕ್ಟರೇಟ್‌ಗೆ ದಾರಿ ಮಾಡಿದ್ದು ಈ ಎರಡನೆಯದು. 1953ರಲ್ಲಿ ಪಿಎಚ್.ಡಿ. ಮುಗಿಸಿ ಬೆಂಗಳೂರಿಗೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಆಗ ಅಲ್ಲಿನ ಅಧ್ಯಾಪಕರಲ್ಲಿ ಮಹಿಳೆ ಅವರೊಬ್ಬರೇ. ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಗಂಡ ಹೆಂಡತಿ ಸೇರಿ ಮೈಕ್ರೋವೇವ್ ತಂತ್ರಜ್ಞಾನದ ಸಂಶೋಧನೆಯನ್ನು ಅಲ್ಲಿ ಕಟ್ಟಿ ಬೆಳೆಸಿದರು. ಇಪ್ಪತ್ತು ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ, ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ. 1982ರಲ್ಲಿ ನಿವೃತ್ತರಾದ ಬಳಿಕ ಮಹಿಳಾ ಅಧ್ಯಯನದ ಕೆಲಸದಲ್ಲಿ ತೊಡಗಿದರು. 2010ರ ಸೆಪ್ಟೆಂಬರ್ 3ರಂದು ತೀರಿಕೊಂಡರು.

ಈ ಕಥೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಅವರ ಪೂರ್ತಿ ಓದನ್ನು ಒಂದೇ ಫೆಲೋಶಿಪ್ ನಡೆಸಲಿಲ್ಲ. ಒಂದು ಮುಗಿದ ಕಡೆ ಇನ್ನೊಂದನ್ನು ಹಿಡಿದರು. ಪ್ರತಿಯೊಂದಕ್ಕೂ ಅದರದೇ ಷರತ್ತು ಇತ್ತು: ಒಂದಕ್ಕೆ ತರಬೇತಿಯ ಕರಾರು, ಇನ್ನೊಂದು ಒಂದೇ ವಿಶ್ವವಿದ್ಯಾನಿಲಯಕ್ಕೆ ಸೀಮಿತ. ಇಂದಿನ ಫೆಲೋಶಿಪ್‌ಗಳ ಸ್ವಭಾವವೂ ಇದೇ. ಅಂಕ ಎಷ್ಟು ಎಂದು ಕೇಳುವ ಮೊದಲು, ಈ ಬಾಗಿಲು ನಮಗೆ ತೆರೆದಿದೆಯೇ ಎಂದು ಕೇಳಿಕೊಳ್ಳಬೇಕು.

ಹೆಸರು ನೋಡಿ ಸಮಯ ಕಳೆಯಬೇಡಿ

ವಾಟ್ಸಪ್‌ನಲ್ಲಿ ಹರಿದಾಡುವ ಪಟ್ಟಿಗಳಲ್ಲಿ ಭಾರತದವರಿಗೆ ಅರ್ಹತೆಯೇ ಇಲ್ಲದವು ಹಲವಾರು ಇರುತ್ತವೆ. ಅಮೆರಿಕ ಸರ್ಕಾರ 2011ರಲ್ಲಿ ಶುರುಮಾಡಿದ ಟೆಕ್‌ವಿಮೆನ್ ಎಂಬ ಕಾರ್ಯಕ್ರಮ ತಂತ್ರಜ್ಞಾನದ ಮಹಿಳೆಯರಿಗೆಂದೇ ಇದ್ದದ್ದು. ಆಫ್ರಿಕಾ, ಪಶ್ಚಿಮ ಏಷ್ಯಾ, ಮಧ್ಯ ಏಷ್ಯಾ ಮತ್ತು ಪಾಕಿಸ್ತಾನದ ಮಹಿಳೆಯರಿಗೆ ಅದರಲ್ಲಿ ಅವಕಾಶವಿತ್ತು, ಭಾರತಕ್ಕೆ ಇರಲಿಲ್ಲ. ಇಟಲಿಯ ಟ್ರಿಯೆಸ್ಟ್‌ನಲ್ಲಿರುವ, ಅಭಿವೃದ್ಧಿಶೀಲ ದೇಶಗಳ ಮಹಿಳಾ ವಿಜ್ಞಾನಿಗಳ ಸಂಘಟನೆಯ ಪಿಎಚ್.ಡಿ. ಫೆಲೋಶಿಪ್ ಕೂಡ ಹೀಗೆಯೇ. ಹೆಸರಿನಲ್ಲಿ ಅಭಿವೃದ್ಧಿಶೀಲ ದೇಶಗಳೆಂದಿದ್ದರೂ, ವಿಜ್ಞಾನದಲ್ಲಿ ತೀರಾ ಹಿಂದುಳಿದ ದೇಶಗಳ ಪಟ್ಟಿಯೊಂದಕ್ಕೆ ಮಾತ್ರ ಅದು ಮೀಸಲು. ಆ ಪಟ್ಟಿಯಲ್ಲಿ ಭಾರತವಿಲ್ಲ.

ಫುಲ್‌ಬ್ರೈಟ್-ನೆಹರು ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಭಾರತ ಮತ್ತು ಅಮೆರಿಕ 1950ರಲ್ಲಿ ಮಾಡಿಕೊಂಡ ಒಪ್ಪಂದದಿಂದ ಬಂದ ಈ ಯೋಜನೆಯಲ್ಲಿ ಹಲವು ಬಗೆಗಳಿವೆ. ಅದರ ಸ್ನಾತಕೋತ್ತರ ಫೆಲೋಶಿಪ್ ಸಾರ್ವಜನಿಕ ಆಡಳಿತ, ಸಾರ್ವಜನಿಕ ಆರೋಗ್ಯ, ನಗರ ಯೋಜನೆ, ಮಹಿಳಾ ಅಧ್ಯಯನ ಮೊದಲಾದ ಆಯ್ದ ವಿಷಯಗಳಿಗೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಎಸ್. ಮಾಡಲು ಅಲ್ಲ. ಭಾರತದಲ್ಲಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡ ತಂತ್ರಜ್ಞಾನದ ವಿದ್ಯಾರ್ಥಿನಿಗೆ ಮಾತ್ರ ಅದರ ಡಾಕ್ಟರಲ್ ಸಂಶೋಧನಾ ಫೆಲೋಶಿಪ್ ಉಪಯುಕ್ತ; ಕೆಲವು ತಿಂಗಳು ಅಮೆರಿಕದ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಮರಳಬಹುದು.

ನಮಗೆ ತೆರೆದಿರುವವು

ಭಾರತದ ಹೆಣ್ಣುಮಕ್ಕಳಿಗೆ ತೆರೆದಿರುವವುಗಳಲ್ಲಿ ನನ್ನ ಮಟ್ಟಿಗೆ ಮೊದಲು ನೋಡಬೇಕಾದದ್ದು ಷ್ಲಂಬರ್ಜರ್ ಫೌಂಡೇಶನ್ನಿನ ಫ್ಯಾಕಲ್ಟಿ ಫಾರ್ ದಿ ಫ್ಯೂಚರ್. 2004ರಲ್ಲಿ ಶುರುವಾದ ಇದು ಅಭಿವೃದ್ಧಿಶೀಲ ದೇಶಗಳ ಮಹಿಳೆಯರಿಗೆ ಮಾತ್ರ. ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತದಲ್ಲಿ ಹೊರದೇಶದ ವಿಶ್ವವಿದ್ಯಾನಿಲಯಗಳಲ್ಲಿ ಪಿಎಚ್.ಡಿ. ಅಥವಾ ನಂತರದ ಸಂಶೋಧನೆ ಮಾಡುವವರಿಗೆ. ಓದು ಮುಗಿದ ಮೇಲೆ ತಾಯ್ನಾಡಿಗೆ ಮರಳಿ ಬೋಧನೆ, ಸಂಶೋಧನೆಯಲ್ಲಿ ತೊಡಗುವ ಇರಾದೆ ಇರಬೇಕು. ಕೆಲವರು ಇದನ್ನು ಕಟ್ಟುಪಾಡು ಎನ್ನುತ್ತಾರೆ. ಮಗಳು ವಾಪಸು ಬರುತ್ತಾಳೋ ಇಲ್ಲವೋ ಎಂದು ಹೆದರುವ ತಂದೆತಾಯಿಗೆ ಇದೇ ಷರತ್ತು ಧೈರ್ಯ ಕೊಡುತ್ತದೆ ಎಂಬುದನ್ನೂ ನೆನಪಿಡಬೇಕು.

ಬ್ರಿಟಿಷ್ ಕೌನ್ಸಿಲ್ ಆಯ್ದ ಬ್ರಿಟನ್ ವಿಶ್ವವಿದ್ಯಾನಿಲಯಗಳೊಂದಿಗೆ ಸೇರಿ ವಿಜ್ಞಾನ, ತಂತ್ರಜ್ಞಾನ ಓದುವ ಮಹಿಳೆಯರಿಗೆ ಸ್ನಾತಕೋತ್ತರ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಶುಲ್ಕ, ಜೀವನವೆಚ್ಚ, ಪ್ರಯಾಣ, ವೀಸಾ ಎಲ್ಲ ಅದರಲ್ಲಿ ಸೇರುತ್ತವೆ. ತಾಯಂದಿರಿಗೆ ಹೆಚ್ಚಿನ ನೆರವೂ ಉಂಟು. ಮದುವೆಯಾಗಿ ಮಗುವಾದ ಮೇಲೆ ಓದು ಮುಗಿಯಿತು ಎಂದುಕೊಂಡವರು ಇದನ್ನು ಗಮನಿಸಬೇಕು. ಯಾವ ವರ್ಷ ಯಾವ ವಿಶ್ವವಿದ್ಯಾನಿಲಯ ಯಾವ ದೇಶದವರನ್ನು ತೆಗೆದುಕೊಳ್ಳುತ್ತದೆ ಎಂಬುದು ಬದಲಾಗುತ್ತಿರುತ್ತದೆ, ಆ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಬ್ರಿಟನ್ ಸರ್ಕಾರದ ಚೀವ್ನಿಂಗ್ ಮಹಿಳೆಯರಿಗೆಂದೇ ಇರುವುದಲ್ಲ, ಆದರೆ ಎರಡು ವರ್ಷ ಕೆಲಸ ಮಾಡಿದ ಸಾಫ್ಟ್‌ವೇರ್ ಇಂಜಿನಿಯರ್‌ಗೆ ಚೆನ್ನಾಗಿ ಹೊಂದುತ್ತದೆ. ಅದರಲ್ಲೂ ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ನಿಯಮವಿದೆ.

ವಿಮಾನ, ಉಪಗ್ರಹ, ಬಾಹ್ಯಾಕಾಶ ಇವುಗಳಲ್ಲಿ ಪಿಎಚ್.ಡಿ. ಮಾಡುವವರಿಗೆ ಜೋಂಟಾ ಇಂಟರ್‌ನ್ಯಾಷನಲ್ ಎಂಬ ಮಹಿಳಾ ಸಂಸ್ಥೆಯ ಅಮೀಲಿಯಾ ಇಯರ್‌ಹಾರ್ಟ್ ಫೆಲೋಶಿಪ್ ಇದೆ. 1937ರಲ್ಲಿ ಹಾರಾಟದ ನಡುವೆ ಕಾಣೆಯಾದ ಆ ವಿಮಾನ ಚಾಲಕಿ ಇದೇ ಸಂಸ್ಥೆಯ ಸದಸ್ಯೆಯಾಗಿದ್ದರು. ಮರುವರ್ಷವೇ ಅವರ ಹೆಸರಿನಲ್ಲಿ ಇದನ್ನು ಆರಂಭಿಸಿದರು. ಮೊತ್ತ 10,000 ಡಾಲರ್. ಯಾವ ದೇಶದ ಮಹಿಳೆಯಾದರೂ ಅರ್ಜಿ ಹಾಕಬಹುದು.

ಪಿಎಚ್.ಡಿ. ಆದವರಿಗೆ ಯುರೋಪಿನ ಮೇರಿ ಸ್ಕ್ಲೊಡೋವ್ಸ್ಕಾ ಕ್ಯೂರಿ ಫೆಲೋಶಿಪ್ ದೊಡ್ಡ ಅವಕಾಶ. ಇದು ಗಂಡಸರಿಗೂ ಹೆಂಗಸರಿಗೂ ಇರುವುದೇ. ಪಿಎಚ್.ಡಿ. ಬಳಿಕ ಎಂಟು ವರ್ಷದೊಳಗಿನ ಸಂಶೋಧನಾ ಅನುಭವದವರು ಎಂಬ ಮಿತಿಯಿದ್ದರೂ, ಹೆರಿಗೆ ಮೊದಲಾದ ಕಾರಣಕ್ಕೆ ಬಿಟ್ಟ ವರ್ಷಗಳನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಒಂದು ಸಾಲನ್ನು ಓದದೆ, ‘ನನ್ನ ವಯಸ್ಸು ಮೀರಿತು’ ಎಂದು ಅರ್ಜಿಯನ್ನೇ ಹಾಕದೆ ಬಿಡುವುದು ಸುಲಭ.

ಇನ್ನು ನಮ್ಮ ದೇಶದಿಂದಲೇ ಹೊರಗೆ ಕಳುಹಿಸುವ ನೆರವು. ಕೇಂದ್ರ ಸಾಮಾಜಿಕ ನ್ಯಾಯ ಇಲಾಖೆಯ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿರಬೇಕು. ಶೇಕಡಾ 30ರಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಜತ್ತದಂಥ ಬರಪೀಡಿತ ತಾಲೂಕಿನ ಎಷ್ಟೋ ಮನೆಗಳು ಈ ಅರ್ಹತೆಯೊಳಗೆ ಬರುತ್ತವೆ. ಜಮ್‌ಸೆಟ್‌ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ಜೆ.ಎನ್. ಟಾಟಾ ದತ್ತಿ ಕೊಡುವುದು ಸಾಲರೂಪದ ವಿದ್ಯಾರ್ಥಿವೇತನ. ಅದನ್ನು ಪಡೆದ ಮೊದಲಿಗರು ಫ್ರೇನಿ ಕಾಮಾ ಎಂಬ ವೈದ್ಯೆ. ತೀರಿಸಬೇಕಾದ ಹಣ ಅದು ಎಂಬುದು ಗೊತ್ತಿರಲಿ.

ಗಡಿಯ ಈಚೆಯವರಿಗೆ ವಿಶೇಷ ಸಂಗತಿಗಳು

ಕರ್ನಾಟಕ ಸರ್ಕಾರ ಹೊರದೇಶದ ಓದಿಗೆ ಕೊಡುವ ನೆರವು ಕರ್ನಾಟಕದ ನಿವಾಸಿಗಳಿಗೆ. ಕನ್ನಡ ಮನೆಮಾತಾಗಿದ್ದ ಮಾತ್ರಕ್ಕೆ ಜತ್ತದವರಿಗೆ ಅದು ಸಿಗುವುದಿಲ್ಲ. ನಮ್ಮವರು ನೋಡಬೇಕಾದದ್ದು ಮಹಾರಾಷ್ಟ್ರದ ಯೋಜನೆಗಳನ್ನು. ಪರಿಶಿಷ್ಟ ಜಾತಿ ಮತ್ತು ನವಬೌದ್ಧರಿಗೆ ರಾಜರ್ಷಿ ಶಾಹೂ ಮಹಾರಾಜರ ಹೆಸರಿನ ವಿದೇಶ ವಿದ್ಯಾರ್ಥಿವೇತನವಿದೆ. ಮಹಾರಾಷ್ಟ್ರದಲ್ಲಿ ಜಾತಿ ಪ್ರಮಾಣಪತ್ರವೊಂದೇ ಸಾಲದು, ಪರಿಶೀಲನಾ ಸಮಿತಿಯ ವ್ಯಾಲಿಡಿಟಿಯೂ ಬೇಕಾಗುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುವುದುಂಟು, ಹನ್ನೆರಡನೆಯ ತರಗತಿಯಲ್ಲಿರುವಾಗಲೇ ಮಾಡಿಸಿಟ್ಟರೆ ಕ್ಷೇಮ.

ಒಂದು ವಿಷಯದಲ್ಲಿ ಮಾತ್ರ ಕರ್ನಾಟಕದ ಬಾಗಿಲು ತೆರೆದಿದೆ, ಅದು ಮೊದಲ ಪದವಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅರ್ಹತೆಯಿದ್ದು, ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಮೊದಲಾದ ತಾಲೂಕುಗಳ ಹೆಸರು ನಿಯಮದಲ್ಲೇ ಇದೆ. ವಾಸ, ಓದು ಮತ್ತು ಮಾತೃಭಾಷೆಯ ದಾಖಲೆ ಕೊಡಬೇಕು. ಪ್ರಾಧಿಕಾರ ಕನ್ನಡ ಭಾಷಾ ಪರೀಕ್ಷೆಯನ್ನೂ ನಡೆಸುತ್ತದೆ. ಮುಂದೆ ಫೆಲೋಶಿಪ್ ಕೇಳುವವಳಿಗೆ ಒಳ್ಳೆಯ ಪ್ರಾಧ್ಯಾಪಕರ ಶಿಫಾರಸು ಪತ್ರ ಬೇಕಲ್ಲ, ಅದಕ್ಕೆ ಒಳ್ಳೆಯ ಕಾಲೇಜೇ ಬುನಾದಿ.

ಅರ್ಜಿಯ ಜೊತೆ ಬರೆಯುವ ಪ್ರಬಂಧದಲ್ಲಿ ನಮ್ಮ ಹುಡುಗಿಯರು ಸೋಲುವುದು ಇಂಗ್ಲಿಷಿನಿಂದಲ್ಲ, ಸಂಕೋಚದಿಂದ. ಬಡ ಹಳ್ಳಿಯಿಂದ ಬಂದವಳೆಂದು ಬರೆದು ನಿಲ್ಲಿಸಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಊರಿನವಳು ಅಂತರ್ಜಲದ ಮಟ್ಟ ಅಳೆಯುವ ಸಾಧನದ ಬಗ್ಗೆ ಪ್ರಾಜೆಕ್ಟ್ ಮಾಡಿದ್ದರೆ, ಆ ಸಾಧನ ಹೇಗೆ ಕೆಲಸ ಮಾಡಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು ಬರೆಯಲಿ. ಅದನ್ನು ಬೇರೆ ಯಾರೂ ಬರೆಯಲಾರರು.

ದುಡ್ಡು ಕೇಳುವ ಏಜೆಂಟರಿಂದ ದೂರವಿರಿ. ಮೇಲೆ ಹೇಳಿದ ಚೀವ್ನಿಂಗ್, ಫುಲ್‌ಬ್ರೈಟ್, ಷ್ಲಂಬರ್ಜರ್ ಯಾವುದಕ್ಕೂ ಅರ್ಜಿ ಶುಲ್ಕವಿಲ್ಲ. ಐಇಎಲ್‌ಟಿಎಸ್ ಅಥವಾ ಟೋಫೆಲ್ ಪರೀಕ್ಷೆಯ ಶುಲ್ಕ ಬೇರೆ. ಅದರ ಫಲಿತಾಂಶ ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ತೀರಾ ಮುಂಚೆ ಬರೆದು ಹಣ ಕಳೆದುಕೊಳ್ಳಬಾರದು.

ಕೊನೆಯದಾಗಿ ಹೆಸರಿನ ತಾಪತ್ರಯ. ಮಹಾರಾಷ್ಟ್ರದ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಹೆಸರು, ತಂದೆಯ ಹೆಸರು. ಆಧಾರ್‌ನಲ್ಲಿ ಕ್ರಮವೇ ಬೇರೆ. ಕನ್ನಡ ಶಾಲೆಯ ದಾಖಲೆಯಲ್ಲಿ ಬರೆದ ಹೆಸರು ಮರಾಠಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ಒಂದೊಂದು ಕಡೆ ಒಂದೊಂದು ಕಾಗುಣಿತ. ಮದುವೆಯಾದ ಮೇಲೆ ಅಡ್ಡಹೆಸರೂ ನಡುವಿನ ಹೆಸರೂ ಎರಡೂ ಬದಲಾಗುತ್ತವೆ. ಪಾಸ್‌ಪೋರ್ಟ್ ಮಾಡಿಸುವಾಗ ಹತ್ತನೆಯ ಅಂಕಪಟ್ಟಿಯ ಕಾಗುಣಿತವನ್ನೇ ಹಿಡಿಯಿರಿ, ಉಳಿದವನ್ನು ಅದಕ್ಕೆ ಹೊಂದಿಸಿ. ಬದಲಾದ ಹೆಸರಿದ್ದರೆ ರಾಜ್ಯಪತ್ರದ ಪ್ರಕಟಣೆ ಅಥವಾ ವಿವಾಹ ನೋಂದಣಿ ಪತ್ರದ ಪ್ರತಿ ಜೊತೆಗಿರಲಿ. ಮರಾಠಿ, ಕನ್ನಡದಲ್ಲಿರುವ ದಾಖಲೆಗಳ ಪ್ರಮಾಣೀಕೃತ ಇಂಗ್ಲಿಷ್ ಅನುವಾದ ಮಾಡಿಸಲು ಜತ್ತದಿಂದ ಸಾಂಗಲಿಗೋ ವಿಜಯಪುರಕ್ಕೋ ಓಡಾಡಬೇಕಾದೀತು. ಕೊನೆಯ ದಿನಾಂಕಕ್ಕೆ ಎರಡು ತಿಂಗಳು ಮೊದಲೇ ಆ ಕೆಲಸ ಮುಗಿಸಿಕೊಳ್ಳಿ.