ಹಗುರ ಕೋವಿ, ದೂರದ ಗುರಿ

ಒಂದು ದಿನ ನಾವು ತರಗತಿಯಲ್ಲಿ ರಾಯಚೂರು ಕೋಟೆಯ ಮುತ್ತಿಗೆಯನ್ನು ಕುರಿತು ಪಾಠ ಹೇಳುತ್ತಿದ್ದೆವು. ಚಂದ್ರಬಂಡದ ಕಡೆಯಿಂದ ಬಂದ ಒಕ್ಕಲಿಗರ ಹುಡುಗನೊಬ್ಬನು ಎದ್ದು ನಿಂತು, "ಗುರುಗಳೇ, ಹೊರುವುದಕ್ಕೆ ಹಗುರವಾಗಿರಬೇಕು, ದೂರಕ್ಕೂ ಹೊಡೆಯಬೇಕು, ಬೇಟೆಗೆ ಅಂತಹ ಬಂದೂಕು ಯಾವುದು?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಚರಿತ್ರೆಯ ಪಾಠಕ್ಕೂ ಈ ಪ್ರಶ್ನೆಗೂ ಏನು ಸಂಬಂಧವೆಂದು ಅವರ ನಗೆ. ಮನೆಗೆ ಬಂದು ಯೋಚಿಸಿದಾಗ, ಆ ದಿನದ ಪಾಠದ ತಿರುಳನ್ನೇ ಆ ಹುಡುಗನು ಕೇಳಿದ್ದನೆಂದು ನಮಗೆ ತೋರಿತು. ಇಂದಿನ ಭಾಷಣವು ಅವನಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲು ಪ್ರಶ್ನೆ ಹುಟ್ಟಿದ ನೆಲವನ್ನು ನೋಡೋಣ. ಕೃಷ್ಣೆಗೂ ತುಂಗಭದ್ರೆಗೂ ನಡುವಣ ಈ ದೋಆಬು ಬಯಲುಸೀಮೆ. ಅಲ್ಲಲ್ಲಿ ಬೋಳು ಬಂಡೆಗಳ ಗುಡ್ಡ, ಉಳಿದುದೆಲ್ಲ ಹೊಲ, ಕುರುಚಲು, ಬಿಸಿಲು. ಮಲೆನಾಡಿನಲ್ಲಿ ಮೃಗವು ಕಣ್ಣಿಗೆ ಬೀಳುವಾಗ ಹಲವೊಮ್ಮೆ ಹತ್ತಿಪ್ಪತ್ತು ಮಾರು ದೂರದಲ್ಲಿರುತ್ತದೆ. ಇಲ್ಲಿ ಚಿಗರಿಯ ಹಿಂಡು ನಮ್ಮನ್ನು ನಾವು ಕಾಣುವುದಕ್ಕೆ ಮೊದಲೇ ಕಂಡಿರುತ್ತದೆ. ಮಲೆನಾಡಿನ ಬೇಟೆಗಾರನಿಗೆ ಹತ್ತಿರದಿಂದ ಒಂದೇ ಏಟಿಗೆ ಕೆಡಹುವ ದಪ್ಪ ಗುಂಡು ಬೇಕು. ಬಯಲಿನವನಿಗೆ ಬಿಸಿಲಲ್ಲಿ ಹರದಾರಿಗಟ್ಟಲೆ ಹೊತ್ತು ತಿರುಗಬಹುದಾದ, ದೂರಕ್ಕೆ ಮುಟ್ಟುವ ಸಲಕರಣೆ ಬೇಕು. ಆದುದರಿಂದ ಆ ಪ್ರಶ್ನೆಯನ್ನು ಹುಡುಗನಿಗಿಂತ ಮುಂಚೆ ನೆಲವೇ ಕೇಳಿದೆ. ನೆಲವು ಕೇಳಿದ ಪ್ರಶ್ನೆಗೆ ಇಲ್ಲಿ ದೊರೆತ ಮೊದಲ ಉತ್ತರವು ಬೇಟೆಯಲ್ಲಲ್ಲ, ಯುದ್ಧದಲ್ಲಿ ದೊರೆಯಿತು.

1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲಶಾಹನ ವಶದಲ್ಲಿದ್ದ ರಾಯಚೂರನ್ನು ಮುತ್ತಿದನು. ಈ ಕೋಟೆ ಅಷ್ಟು ಹೊತ್ತಿಗೇ ಎರಡು ಶತಮಾನಗಳಿಗಿಂತ ಹಳೆಯದು. ಕಾಕತೀಯರ ಕಾಲದ, 1294ರ ತೆಲುಗು ಶಾಸನವಿರುವ ನಲವತ್ತು ಅಡಿಗೂ ಉದ್ದವಾದ ಕಲ್ಲೊಂದು ಇಂದಿಗೂ ಅದರ ಗೋಡೆಯಲ್ಲಿದೆ. ಅಂತಹ ಗೋಡೆಯ ಮೇಲೆ ಬಿಜಾಪುರದವರು ಭಾರಿ ಫಿರಂಗಿಗಳನ್ನೇರಿಸಿದ್ದರು. ಆ ಮುತ್ತಿಗೆಯ ವೃತ್ತಾಂತವನ್ನು ಬರೆದಿಟ್ಟ ಪೋರ್ತುಗೀಜ ಕುದುರೆ ವ್ಯಾಪಾರಿ ಫೆರ್ನಾವೋ ನೂನಿಜನು, ಭಾರಿ ಫಿರಂಗಿಗಳೇ ಇನ್ನೂರಿದ್ದವೆಂದು ಹೇಳುತ್ತಾನೆ. ಆದಿಲಶಾಹನು ನೆಚ್ಚಿದುದೂ ಫಿರಂಗಿಯನ್ನೇ. ಆತನು ಕೋಟೆಯ ನೆರವಿಗೆಂದು ಕೃಷ್ಣೆಯನ್ನು ದಾಟಿ ಬಂದು ರಾಯನಿಗೆ ಸೋತು ಹಿಂದಿರುಗಿದಾಗ, ನಾನೂರು ದೊಡ್ಡ ಫಿರಂಗಿಗಳನ್ನೂ ಒಂಬೈನೂರು ಫಿರಂಗಿ ಬಂಡಿಗಳನ್ನೂ ಬಿಟ್ಟುಹೋದನೆಂಬುದು ಅದೇ ನೂನಿಜನ ಲೆಕ್ಕ. ಇಷ್ಟು ಲೋಹವನ್ನು ಎತ್ತುಗಳ ಕೈಯಿಂದ ಎಳೆಸಿಕೊಂಡು ಬಂದವನು, ಸೋತ ಗಳಿಗೆಯಲ್ಲಿ ಅದನ್ನು ಹಿಂದಕ್ಕೆ ಸಾಗಿಸುವುದು ಹೇಗೆ? ಭಾರವು ಬಲವೆಂದು ಎಣಿಸಿದವನಿಗೆ ಭಾರವೇ ಬಂಧನವಾಯಿತು.

ಹೊಳೆಯ ದಂಡೆಯ ಯುದ್ಧವನ್ನು ಗೆದ್ದರೂ ಕೋಟೆ ಕೈವಶವಾಗಿರಲಿಲ್ಲ. ರಾಯನ ಜನರು ಗೋಡೆಯ ಬುಡಕ್ಕೆ ಹೋಗಿ ಹಾರೆ ಗುದ್ದಲಿಗಳಿಂದ ಕಲ್ಲು ಕೀಳಬೇಕಾಗಿತ್ತು. ಮೇಲಿನವರು ನಿರ್ಭಯವಾಗಿ ಹೊರಬಾಗಿ ಕಲ್ಲು ಬಾಣಗಳನ್ನು ಸುರಿಸುತ್ತಿದ್ದರು. ಆಗ ರಾಯನಿಗೆ ಕುದುರೆಗಳನ್ನು ತಂದಿದ್ದ ಕ್ರಿಸ್ತೋವಾವೋ ದ ಫಿಗೆರೆದೊ ಎಂಬಾತನು ತನ್ನ ಇಪ್ಪತ್ತು ಮಂದಿ ಕೋವಿಗಾರರೊಡನೆ ಮುಂದೆ ಬಂದನು. ಅವರ ಕೈಯಲ್ಲಿದ್ದುದು ಬತ್ತಿಯಿಂದ ಕಿಡಿ ಮುಟ್ಟಿಸುವ ಕೋವಿ, ಒಬ್ಬನೇ ಹೊತ್ತು ಒಬ್ಬನೇ ಗುರಿಯಿಡಬಹುದಾದುದು. ಗೋಡೆಯ ಮೇಲೆ ಯಾರು ತಲೆಯೆತ್ತಿದರೂ ಅವರು ಗುರಿಯಿಟ್ಟು ಕೆಡಹಿದರು. ಹೀಗೆ ಕೋವಿಯಿಂದ ಜನರು ಸಾಯುವುದನ್ನು ಅದುವರೆಗೆ ಕಾಣದಿದ್ದ ಕಾವಲುಗಾರರು ಗೋಡೆಯನ್ನು ಬಿಟ್ಟು ಸರಿದರು. ಕೆಳಗಿನವರು ನಿರಾತಂಕವಾಗಿ ಕಲ್ಲು ಕಿತ್ತರು. ಕೋವಿಗಾರರು ಎಲ್ಲಿರುವರೆಂದು ನೋಡಲು ಕೋಟೆಯ ಅಧಿಪತಿಯೇ ಗೋಡೆಯ ಕಂಡಿಯಿಂದ ಬಾಗಿದನಂತೆ. ಗುಂಡು ಅವನ ಹಣೆಯ ನಡುವೆ ತಗುಲಿತು. ಮರುದಿನ ಕೋಟೆಯವರು ಶರಣಾದರು.

ಹೇಳಿದವನು ಪೋರ್ತುಗೀಜನಾದುದರಿಂದ ಸ್ವಜನರ ಪರಾಕ್ರಮಕ್ಕೆ ಸ್ವಲ್ಪ ಬಣ್ಣವನ್ನು ಬಳಿದಿರಬಹುದು. ಗೋಡೆಯ ಬುಡದಲ್ಲಿ ಸತ್ತ ಸಾವಿರಾರು ಕನ್ನಡಿಗರ ಹೆಸರನ್ನು ಆತನು ಬರೆಯಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಕೋವಿಯನ್ನು ಪೋರ್ತುಗೀಜರ ಸ್ವಂತ ಸೊತ್ತೆಂದು ತಿಳಿಯುವುದೂ ತಪ್ಪು. ಗೋವೆಯ ಕಮ್ಮಾರರು ಬೊಹೀಮಿಯದವರಿಗೆ ಸಮನಾದ ಕೋವಿಗಳನ್ನು ಮಾಡುವರೆಂದು 1513ರಲ್ಲಿಯೇ ಆಲ್ಬುಕರ್ಕನು ತನ್ನ ದೊರೆಗೆ ತಿಳಿಸಿದ್ದನು. ಆದರೂ ಒಂದು ಮಾತು ನಿಲ್ಲುತ್ತದೆ: ಇನ್ನೂರು ಫಿರಂಗಿಗಳ ಕೋಟೆಯಲ್ಲಿ ಇಪ್ಪತ್ತು ಹಗುರ ಕೋವಿಗಳು ತಮ್ಮ ಬೆಲೆಯನ್ನು ತೋರಿಸಿದವು. ಫಿರಂಗಿಯು ಬಯಲನ್ನು ಕಾಯಬಲ್ಲುದು, ತನ್ನ ಬುಡವನ್ನು ಕಾಯಲಾರದು. ಕೋವಿಯು ಕಣ್ಣು ತಿರುಗಿದ ಕಡೆಗೆ ತಾನೂ ತಿರುಗುವುದು.

ಈ ವಿದ್ಯೆಯನ್ನು ನಮ್ಮ ನೆಲದಲ್ಲಿ ಚೆನ್ನಾಗಿ ಕರಗತ ಮಾಡಿಕೊಂಡವರು ಬೇಡರು. ದೇವದುರ್ಗವೂ ಸುರಪುರವೂ ಬೇಡ ನಾಯಕರ ನೆಲೆಗಳು. ಬೇಟೆಯಲ್ಲಿ ಪಳಗಿದ ಕಣ್ಣಿಗೆ ಬತ್ತಿಕೋವಿಯು ದೊರೆತಾಗ ಏನಾಗುವುದೆಂಬುದನ್ನು 1705ರಲ್ಲಿ ಔರಂಗಜೇಬನು ಕಂಡನು. ಎಂಬತ್ತಾರು ವಯಸ್ಸಿನ ಆ ಚಕ್ರವರ್ತಿಯು ತಾನೇ ಬಂದು ನಡೆಸಿದ ಕೊನೆಯ ಮುತ್ತಿಗೆಯು ಸುರಪುರದ ಬಳಿಯ ವಾಗಿನಗೇರಿಯದು. ಪೀತಾಂಬರವುಟ್ಟ ಅಮೀರರ ಸೇನೆಯನ್ನು ಪಿಡ್ಡನಾಯಕನ ಬೇಡರು ಫೆಬ್ರವರಿಯಿಂದ ಏಪ್ರಿಲಿನವರೆಗೆ ತಡೆದು ನಿಲ್ಲಿಸಿದರು. ಅವರ ಗುರಿಯ ಖ್ಯಾತಿಯನ್ನು ಶತ್ರುಪಕ್ಷದವರೇ ಒಪ್ಪಿಕೊಂಡಿದ್ದಾರೆ. ಕೋಟೆ ಕೊನೆಗೆ ಬಿದ್ದಿತು, ನಾಯಕನು ತಪ್ಪಿಸಿಕೊಂಡನು. ಚಕ್ರವರ್ತಿಯು ಅಲ್ಲಿಯೇ ಹತ್ತಿರದ ದೇವಾಪುರದಲ್ಲಿ ಕಾಯಿಲೆ ಬಿದ್ದು, ಎರಡು ವರ್ಷ ತುಂಬುವಷ್ಟರಲ್ಲಿ ಅಹಮದನಗರದಲ್ಲಿ ತೀರಿಕೊಂಡನು.

ಕೋವಿಯು ಬಡವನ ಕೈಗೂ ಬಂದಿತೆಂದರೆ ಅರಸನಿಗೆ ನಿದ್ರೆಯಿಲ್ಲ. ಎನ್‌ಫೀಲ್ಡ್ ಬಂದೂಕಿನ ತೋಟಾದಿಂದ ಹೊತ್ತಿದ 1857ರ ದಂಗೆಯ ವರ್ಷದಲ್ಲಿ ಸರಕಾರವು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧವನ್ನು ಒಪ್ಪಿಸಲಿಲ್ಲ. ಅವರಿಗೆ ಅದು ಬದುಕಿನ ಉಪಕರಣ, ಮನೆತನದ ಮಾನ. ದಂಡು ಬಂದು ಊರಿಗೆ ಬೆಂಕಿಯಿಟ್ಟಿತು; ಸೆರೆಸಿಕ್ಕವರಲ್ಲಿ ಹಲವರನ್ನು ಆ ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಆ ಕಥೆಯನ್ನು ಲಾವಣಿಕಾರರು ಇಂದಿಗೂ ಹಾಡುತ್ತಾರೆ. 1878ರ ಶಸ್ತ್ರ ಕಾಯಿದೆಯು ಬ್ರಿಟಿಷ್ ಇಂಡಿಯಾದ ಪ್ರಜೆಗೆ ಪರವಾನಗಿಯನ್ನು ಕಡ್ಡಾಯ ಮಾಡಿ, ಯೂರೋಪಿಯನ್ನರಿಗೆ ವಿನಾಯಿತಿಯನ್ನು ಕೊಟ್ಟಿತು. ಒಳ್ಳೆಯ ಬಂದೂಕನ್ನು ಆರಿಸಿಕೊಳ್ಳುವ ಪ್ರಶ್ನೆಯೇ ಅಲ್ಲಿಂದ ಮುಂದೆ ಬಹುಕಾಲ ದೊರೆಗಳ, ಜಮೀನುದಾರರ, ಸಾಹೇಬರ ಪ್ರಶ್ನೆಯಾಯಿತು.

ಅದೇ ಕಾಲದಲ್ಲಿ ಯೂರೋಪಿನ ಕಾರ್ಖಾನೆಗಳಲ್ಲಿ ಕೋವಿಯ ರೂಪವು ಬದಲಾಗುತ್ತಿದ್ದಿತು. ನಳಿಗೆಯೊಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದರೆ ಗುಂಡು ಬುಗುರಿಯಂತೆ ತಿರುಗುತ್ತ ದಾರಿ ತಪ್ಪದೆ ಹೋಗುವುದು. ಮನೆಯ ಕದಕ್ಕೆ ಚಿಲಕವಿರುವಂತೆ ನಳಿಗೆಯ ಹಿಂಬದಿಗೆ ಬೋಲ್ಟ್ ಎಂಬ ಉಕ್ಕಿನ ಚಿಲಕವನ್ನಿಟ್ಟರೆ ಹಿಂದಿನಿಂದಲೇ ತೋಟಾವನ್ನು ತುಂಬಬಹುದು. ಪ್ರಷ್ಯದ ಸೈನ್ಯವು 1841ರಲ್ಲಿ ಒಪ್ಪಿಕೊಂಡ ಡ್ರೈಸೆಯ ಬಂದೂಕು ಈ ಬಗೆಯದು. ಬಾಯಿಯಿಂದ ಮದ್ದು ತುಂಬುವವನು ಎದ್ದು ನಿಲ್ಲಬೇಕಾಗಿತ್ತು. ಇವನು ಮಲಗಿಯೇ ತುಂಬಿ ಹೊಡೆಯಬಲ್ಲವನಾದನು. 1884ರಲ್ಲಿ ಫ್ರಾನ್ಸಿನ ವಿಯೇಯ್ ಎಂಬವನು ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಸಣ್ಣ ಗುಂಡು ಹಿಂದೆಂದೂ ಇಲ್ಲದ ವೇಗದಿಂದ ಓಡಿತು. ಗುಂಡು ಸಣ್ಣದಾದುದರಿಂದ ನಳಿಗೆ ಸಣ್ಣದಾಯಿತು, ಕೋವಿ ಹಗುರವಾಯಿತು. ಜರ್ಮನಿಯ ಮೌಸರ್ 1898ರಲ್ಲಿ ರೂಪಿಸಿದ ಚಿಲಕವು ಎಷ್ಟು ಭದ್ರವೆಂದರೆ, ಬೇಟೆಯ ಬಂದೂಕುಗಳನ್ನು ಮಾಡುವವರು ಇಂದಿಗೂ ಅದನ್ನೇ ಅನುಸರಿಸುತ್ತಾರೆ. ಲಂಡನ್ನಿನ ರಿಗ್ಬಿಯವರು ಆ ಚಿಲಕದಿಂದ ಕಟ್ಟಿದ ·275 ಅಳತೆಯ ಹಗುರ ಬಂದೂಕನ್ನು, ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದ ಜಿಮ್ ಕಾರ್ಬೆಟನಿಗೆ ಉಡುಗೊರೆಯಾಗಿ ಕೊಡಲಾಯಿತು. ಹುಡುಗನು ಕೇಳಿದ ಬಂದೂಕು ಇದೇ. ಇದಕ್ಕೆ ಎದುರಾಗಿ, ಬೆಂಗಳೂರಿನ ಕೆನೆತ್ ಆಂಡರ್ಸನ್ ಮೈಸೂರು ಸೀಮೆಯ ದಟ್ಟ ಕಾಡುಗಳಲ್ಲಿ ನೆಚ್ಚಿಕೊಂಡಿದ್ದುದು ವಿಂಚೆಸ್ಟರಿನ ·405ನ್ನು. ಅದಕ್ಕೆ ಸನ್ನೆಯ ಚಿಲಕ, ದಪ್ಪ ಗುಂಡು. ನೆಲ ಬೇರೆ, ಆಯ್ಕೆ ಬೇರೆ.

ಹಗುರವನ್ನು ಆರಿಸಿದವನು ಅದಕ್ಕೆ ಬೆಲೆಯನ್ನೂ ತೆರಬೇಕಾಗುತ್ತದೆ. ಬಂದೂಕು ಹಗುರವಾದಷ್ಟೂ ಹೆಗಲಿಗೆ ಒದೆ ಹೆಚ್ಚು. ಒದೆಗೆ ಹೆದರಿದವನು ಕುದುರೆಯನ್ನು ಎಳೆಯುವಾಗ ಕಣ್ಣು ಮುಚ್ಚುವನು. ತೆಳುವಾದ ನಳಿಗೆಯು ಎರಡು ಮೂರು ಏಟಿಗೆ ಕಾದು ಗುರಿಯು ಸರಿಯುವುದು. ಭಾರವಾದ ಬಂದೂಕು ತನ್ನ ತೂಕದಿಂದಲೇ ಸ್ಥಿರವಾಗಿ ನಿಲ್ಲುವುದು. ಹಗುರವಾದುದು ಏದುಸಿರು ಬಂದಾಗ ಉಸಿರಿನೊಡನೆ ತೂಗಾಡುವುದು. ಆದುದರಿಂದ ಹಗುರ ಬಂದೂಕಿಗೆ ಮಿತವಾದ ತೋಟಾವೇ ಸರಿ. ದೂರವೂ ಮೋಸ ಮಾಡುವುದು. ಅಷ್ಟು ವೇಗದ ಗುಂಡೂ ಮುನ್ನೂರು ಗಜ ಸಾಗುವಷ್ಟರಲ್ಲಿ ನಳಿಗೆಯ ನೇರದಿಂದ ಒಂದು ಮೊಳಕ್ಕಿಂತ ಹೆಚ್ಚು ಇಳಿದಿರುವುದು. ಓಡುವ ಚಿಗರಿಯು ಆ ಅರೆಗಳಿಗೆಯಲ್ಲಿ ಹಲವು ಮೊಳ ಮುಂದೆ ಹೋಗಿರುವುದು. ಹಣೆಗೆ ಗುರಿಯಿಟ್ಟುದು ತೊಡೆಗೆ ತಗುಲಿದರೆ, ಬಂಡೆಗಳ ನಡುವೆ ಕುಂಟುತ್ತ ಸಾಯುವ ಆ ಜೀವದ ಹೊಣೆ ಯಾರದು?

ಇಲ್ಲಿಯೇ ನಮ್ಮ ಸಂದೇಹವಿರುವುದು. ಈಟಿಯ ಬೇಟೆಗಾರನು ಮೃಗದ ಉಸಿರು ಕೇಳುವಷ್ಟು ಹತ್ತಿರ ಹೋಗಬೇಕಾಗಿತ್ತು. ಬತ್ತಿಕೋವಿಯವನಿಗೆ ಒಂದೇ ಏಟು. ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಮೃಗವು ಪಾರಾಗುತ್ತಿತ್ತು. ಆ ಕೊರತೆಯೇ ಕಾಡಿಗೆ ಕಾವಲಾಗಿತ್ತು. ಚಿಲಕದ ಬಂದೂಕು ಕೊರತೆಯನ್ನು ನೀಗಿಸಿತು, ಕಾವಲನ್ನೂ ನೀಗಿಸಿತು. ಬಯಲು ಬರಿದಾದುದಕ್ಕೆ ಬಂದೂಕೊಂದೇ ಕಾರಣವಲ್ಲ. ಹುಲ್ಲುಗಾವಲನ್ನು ಉತ್ತ ನೇಗಿಲೂ ಕಾರಣ. ಆದರೆ 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದಾಗ ಕೃಷ್ಣಮೃಗವನ್ನು ಅದರ ಮೊದಲ ಪಟ್ಟಿಯಲ್ಲಿ ಸೇರಿಸಬೇಕಾಯಿತೆಂದರೆ, ಹಿಂಡುಗಳು ಎಲ್ಲಿಗೆ ಬಂದು ಮುಟ್ಟಿದ್ದವೆಂಬುದನ್ನು ನಾವೇ ಊಹಿಸಬಹುದು.

ಮುಂದಿನ ವಾರ ಆ ಹುಡುಗನನ್ನು ಕರೆದು, ಬಂದೂಕು ಏತಕ್ಕೆ ಬೇಕಪ್ಪಾ ಎಂದು ಕೇಳಿದೆವು. ರಾತ್ರಿಯೆಲ್ಲ ಹೊಲ ಕಾದು ತಂದೆ ದಣಿಯುತ್ತಾರೆ, ಬಿತ್ತಿದ ಪೈರು ಮೃಗಗಳ ಪಾಲಾಗುತ್ತದೆ ಎಂದನು. ನಗುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅವನ ಮೊದಲ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿತ್ತು. ಈ ಮಾತಿಗೆ ಚರಿತ್ರೆಯ ಪುಸ್ತಕದಲ್ಲಿ ಉತ್ತರ ದೊರೆಯಲಿಲ್ಲ. ಹೊಲವನ್ನೂ ಚಿಗರಿಯನ್ನೂ ಎರಡನ್ನೂ ಉಳಿಸುವ ಭಾರವನ್ನು ಆ ತಂದೆಯೊಬ್ಬನ ಹೆಗಲಿಗೇ ಬಿಡುವುದು ನ್ಯಾಯವಲ್ಲ; ಮೃಗವನ್ನು ಕಾಯಬೇಕೆಂದು ವಿಧಿಸಿದ ನಾವೆಲ್ಲರೂ ಅವನ ಬೆಳೆಯ ನಷ್ಟದಲ್ಲಿ ಪಾಲುದಾರರಾಗಬೇಕು. ಐದು ನೂರು ವರ್ಷಗಳ ಕಾಲ ಈ ಬಯಲಿನಲ್ಲಿ ಮನುಷ್ಯನು ಕೋವಿಯ ಭಾರವನ್ನು ಇಳಿಸುತ್ತ ಬಂದನು. ಈಗ ಇಳಿಸಬೇಕಾದುದು ಆ ಒಕ್ಕಲಿಗನ ಭಾರವನ್ನು.