ಬಟ್ಟೆ ಪುಡಿ ಬೆಳೆದು ಬಂದ ದಾರಿ



ನಮ್ಮ ಹಿರಿಯರ ಕಾಲದಲ್ಲಿ ಬಟ್ಟೆ ಒಗೆಯಲು ಸವಳು ಮಣ್ಣು, ಬೂದಿ ನೀರು, ಅಂಟುವಾಳದ ಕಾಯಿ ಇವೇ ಆಧಾರವಾಗಿದ್ದವು. ಆಮೇಲೆ ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿಸಿ ಮಾಡಿದ ಬಾರ್ ಸೋಪು ಬಂತು. ಈಗ ಮನೆಮನೆಯಲ್ಲೂ ಇರುವ ಸೋಪಿನ ಪುಡಿಯ ಜೀವಾಳವೇ ಬೇರೆ. ವ್ಯಾಪಾರದಲ್ಲಿ ಅದಕ್ಕೆ ‘ಆಸಿಡ್ ಸ್ಲರಿ’ ಅಂತಾರೆ. ಕಾಕಂಬಿಯಂತೆ ಮಂದವಾದ ಕಂದು ದ್ರವ. ಡ್ರಮ್ಮಿನ ಮೇಲೆ 90 ಅಥವಾ 96 ಎಂದು ಬರೆದಿರುತ್ತದೆ. ಈ ನಂಬರಿನ ಹಿಂದೆ ಒಂದು ಚರಿತ್ರೆಯೇ ಇದೆ.

ಮೊದಲನೇ ಮಹಾಯುದ್ಧದಲ್ಲಿ ಜರ್ಮನಿಗೆ ಸೋಪು ಮಾಡಲು ಕೊಬ್ಬು, ಎಣ್ಣೆ ಸಿಗದಾಯಿತು. ಅಲ್ಲಿನ ರಸಾಯನ ಶಾಸ್ತ್ರಜ್ಞರು ಕೊಬ್ಬಿಲ್ಲದೆ ತೊಳೆಯುವ ವಸ್ತುವನ್ನು ಹುಡುಕಿದರು. ಅಮೆರಿಕದಲ್ಲಿ 1946ರಲ್ಲಿ ‘ಟೈಡ್’ ಪುಡಿ ಬಂತು. ಗಡಸು ನೀರಿನಲ್ಲಿ ಸೋಪು ಒಡೆದು ಗಸಿಯಾಗುತ್ತದೆ, ಈ ಪುಡಿ ಹಾಗಾಗದು. ಬೋರ್‌ವೆಲ್ ನೀರಿನಲ್ಲಿ ಒಗೆಯುವ ನಮ್ಮ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತು.

ಆದರೆ 1950ರ ದಶಕದಲ್ಲಿ ಹೊಸ ತೊಂದರೆ ಕಂಡಿತು. ಆಗಿನ ಪುಡಿಯ ಅಣುವಿಗೆ ಕವಲುಗಳಿದ್ದವು. ಸೂಕ್ಷ್ಮಜೀವಿಗಳಿಗೆ ಅದನ್ನು ಅರಗಿಸಲು ಆಗದೆ ಯುರೋಪು, ಅಮೆರಿಕದ ಹೊಳೆಗಳ ಮೇಲೆ ನೊರೆ ರಾಶಿ ನಿಂತಿತು. ಜರ್ಮನಿ 1961ರಲ್ಲಿ ಕಾನೂನು ಮಾಡಿತು. 1965ರ ಹೊತ್ತಿಗೆ ಅಮೆರಿಕದ ಕಾರ್ಖಾನೆಗಳೂ ಕವಲಿಲ್ಲದ ನೇರ ಸರಪಳಿಗೆ ಬದಲಾದವು. ಅದೇ ಇಂದಿನ ಲೀನಿಯರ್ ಆಲ್ಕೈಲ್ ಬೆಂಝೀನ್ ಸಲ್ಫೋನಿಕ್ ಆಸಿಡ್, ಅಂದ್ರೆ ನಮ್ಮ ಸ್ಲರಿ.

ಭಾರತಕ್ಕೆ 1959ರಲ್ಲಿ ‘ಸರ್ಫ್’ ಬಂತು. ಅದು ಉಳ್ಳವರ ಪುಡಿ. 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲರು ಮನೆಯಲ್ಲೇ ‘ನಿರ್ಮಾ’ ಮಾಡಿ, ಸೈಕಲ್ ಮೇಲೆ ಮಾರಿ, ಬಡವರ ಮನೆಗೂ ಪುಡಿ ಮುಟ್ಟಿಸಿದರು.

ಇನ್ನು ನಂಬರಿನ ಮಾತು. ಹಳೆಯ ಪದ್ಧತಿಯಲ್ಲಿ ಓಲಿಯಂ ಎಂಬ ಪ್ರಬಲ ಗಂಧಕಾಮ್ಲ ಬಳಸುತ್ತಾರೆ. ಕೆಲಸ ಮುಗಿದ ಮೇಲೆ ನೀರು ಬೆರೆಸಿ, ಕೆಳಗಿಳಿದ ಆಮ್ಲವನ್ನು ಬಸಿದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಅದು 90ರ ಸ್ಲರಿ: ನೂರರಲ್ಲಿ ತೊಂಬತ್ತು ಪಾಲು ತೊಳೆಯುವ ಸತ್ವ, ಉಳಿದದ್ದು ಗಂಧಕಾಮ್ಲ, ನೀರು, ಒಂದಿಷ್ಟು ಎಣ್ಣೆ. ಹೊಸ ಪದ್ಧತಿಯಲ್ಲಿ ಸಲ್ಫರ್ ಟ್ರೈಆಕ್ಸೈಡ್ ಅನಿಲವನ್ನು ಒಣ ಗಾಳಿಯೊಂದಿಗೆ ಹಾಯಿಸುತ್ತಾರೆ. ಬಸಿಯಬೇಕಾದ ಆಮ್ಲವೇ ಇಲ್ಲ. ಅದು 96ರದ್ದು.

ಬರೀ ಆರು ಪಾಲಿನ ವ್ಯತ್ಯಾಸ ಅಂತ ತಿಳಿಯಬೇಡಿ. ಒಂದು ಕಿಲೋ 96ರ ಸ್ಲರಿಯ ಹುಳಿ ಮುರಿಯಲು ಸುಮಾರು 130 ಗ್ರಾಂ ಕಾಸ್ಟಿಕ್ ಸೋಡಾ ಸಾಕು. 90ರದ್ದಕ್ಕೆ, ಅದರಲ್ಲಿ ಆರು ಪಾಲು ಗಂಧಕಾಮ್ಲವಿದ್ದರೆ, ಸುಮಾರು 160 ಗ್ರಾಂ ಬೇಕು. ಸತ್ವ ಕಡಿಮೆ, ಸೋಡಾ ಖರ್ಚು ಜಾಸ್ತಿ! ಆ ಹೆಚ್ಚಿನ ಸೋಡಾ ತೊಳೆಯದ ಉಪ್ಪಾಗಿ ತೂಕ ಮಾತ್ರ ಹೆಚ್ಚಿಸುತ್ತದೆ.

ಪುಡಿ ಮಾಡಿ ನಾಲ್ಕು ಕಾಸು ಸಂಪಾದಿಸಬೇಕು ಎನ್ನುವ ನಮ್ಮ ಯುವಕರು, ಮಹಿಳೆಯರು ಡ್ರಮ್ಮಿನ ದರವನ್ನಷ್ಟೇ ಕೇಳದೆ, ಸತ್ವದ ದರ ಎಷ್ಟು ಬಿತ್ತು ಅಂತ ಲೆಕ್ಕ ಹಾಕಲಿ. ಹಾಲಿಗೆ ಫ್ಯಾಟ್ ನೋಡಿ ದರ ಕಟ್ಟುವಂತೆಯೇ ಇದೂ. ಸ್ಲರಿ ಚರ್ಮ, ಕಣ್ಣು ಸುಡುತ್ತದೆ. ಕೈಗವಸು, ಕನ್ನಡಕವಿಲ್ಲದೆ ಮುಟ್ಟಬಾರದು. ನೊರೆಗೆ ಮರುಳಾಗದೆ ಸತ್ವ ನೋಡಿ ಕೊಳ್ಳುವ ಬುದ್ಧಿ ಸಹಕಾರಿಗಳಾದ ನಮಗೆಲ್ಲ ಬೆಳೆಯಲಿ.