ಪೆಟ್ಟಾದ ಮೃಗವೂ ಹುಡ್ಕುವ ನಾಯಿಯೂ

ಮಕರ ತಿಂಗಳ ಕಡೇ ಮೂರು ದಿನ ಕೆಡ್ಡಸ ಹೇಳಿ ನವಗೆಲ್ಲ ಗೊಂತಿದ್ದು. ಭೂಮಿತಾಯಿ ಮುಟ್ಟಪ್ಪ ದಿನಂಗೊ. ನೆಲ ಒಕ್ಕಲಾಗ, ಮರ ಕಡಿವಲಾಗ. ಹೆಮ್ಮಕ್ಕೊ ನೆಲಕ್ಕೆ ಎಣ್ಣೆ ಎರವದು, ಅಕ್ಕಿ ಹೊರುದು ಹೊಡಿ ಮಾಡಿ ಬೆಲ್ಲ-ಕಾಯಿ ಸೇರ್ಸಿ ನನ್ನೆರಿ ಮಾಡುದು. ಇದು ಹೆಮ್ಮಕ್ಕಳ ಕೆಡ್ಡಸ ಆತು. ಗೆಂಡುಮಕ್ಕಳದ್ದು ಬೇರೆಯೇ ಇತ್ತು, ಬೋಂಟೆ. ಹೇದರೆ ಬೇಟೆ. ಬಂಟ್ವಾಳ, ಬೆಳ್ತಂಗಡಿ ಹೊಡೆಲಿ ಊರಿನೋರು ಒಟ್ಟು ಸೇರಿ ನಾಯಿಗಳ ಕರಕ್ಕೊಂಡು ಗುಡ್ಡೆ ಹತ್ತಿಗೊಂಡಿತ್ತಿದ್ದವು. ಅಹಿಂಸೆಯ ಬಸದಿಗಳ ಊರು ಮೂಡಬಿದ್ರೆ. ಅದರ ಸುತ್ತಾಣ ಹಳ್ಳಿಗಳಲ್ಲಿಯೂ ಕೆಡ್ಡಸ ಇದ್ದನ್ನೆ! ನಮ್ಮ ಮನೆಗಳಿಂದ ಆರೂ ಬೇಟೆಗೆ ಹೋಗದ್ರೂ ಆ ಬೊಬ್ಬೆ ಜಾಲಿಂಗೆ ಕೇಳುಗು.

ಆ ಬೊಬ್ಬೆಲಿ ನಾಯಿಗಳ ಕೆಲಸ ಮೃಗವ ಎಬ್ಬುಸುದು, ಓಡುಸುದು. ಪೆಟ್ಟು ತಿಂದು ತಪ್ಪುಸಿಗೊಂಡ ಮೃಗದ ಕತೆ ಎಂತ? ಬಲ್ಲೆ ಒಳ ಹೊಕ್ಕು ನರಳಿ ನರಳಿ ಸಾವದು. ಬೇಟೆಯ ಚರಿತ್ರೆ ಓದುವಗ ಎನಗೆ ದೊಡ್ಡದಾಗಿ ಕಾಂಬದು ಈ ಪ್ರಶ್ನೆಯೇ.

ನಾಯಿಯ ಮೂಗಿನ ನಂಬುದು ಹಳೇ ಸಂಗತಿ. ಋಗ್ವೇದದ ಹತ್ತನೇ ಮಂಡಲಲ್ಲಿ ಪಣಿಗೊ ಹುಗ್ಗುಸಿದ ದನಗಳ ಹುಡ್ಕಿಗೊಂಡು ಹೋದ್ದು ಇಂದ್ರನ ದೂತೆ ಸರಮೆ. ಅದು ಹೆಣ್ಣುನಾಯಿ ಹೇಳಿ ಪರಂಪರೆ. ನಾಯಿಗೆ ಸಾರಮೇಯ ಹೇಳ್ತ ಹೆಸರು ಅದರಿಂದಲೇ ಬಂದದು. 12ನೇ ಶತಮಾನಲ್ಲಿ ಚಾಲುಕ್ಯರ ಮೂರನೇ ಸೋಮೇಶ್ವರ ಬರದ ಮಾನಸೋಲ್ಲಾಸಲ್ಲಿ ಸಾರಮೇಯವಿನೋದ ಹೇಳಿಯೇ ಒಂದು ಭಾಗ ಇದ್ದು.

ಅದಕ್ಕೂ ಮದಲಾಣದ್ದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು, 949-50ರದ್ದು. ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಲ್ಲಿ ಇದ್ದು. ತಕ್ಕೋಲಲ್ಲಿ ಚೋಳರೊಟ್ಟಿಂಗೆ ಯುದ್ಧ ಅಪ್ಪಗ ಗಂಗರ ಇಮ್ಮಡಿ ಬೂತುಗನ ಹೊಡೆಲಿ ಮಣಲೆರ ಹೇಳ್ತ ವೀರ ಕಾದಿದ. ಎಂತ ಬೇಕು ಕೇಳು ಹೇಳಿದ ರಾಜ. ‘ಕಾಳಿ’ ಹೇಳ್ತ ನಾಯಿಯ ಕೊಡಿ ಹೇಳಿದ ಇವ! ಮತ್ತೆ ಬೆಳತೂರಿನ ಪಡುಹೊಡೆಯಾಣ ಗುಡ್ಡೆಲಿ ಕಾಳಿಯ ದೊಡ್ಡ ಹಂದಿಯ ಮೇಗೆ ಬಿಟ್ಟಪ್ಪಗ ನಾಯಿಯೂ ಹಂದಿಯೂ ಒಟ್ಟಿಂಗೆ ಸತ್ತತ್ತು. ದೇವಸ್ಥಾನದ ಎದುರು ಅದಕ್ಕೆ ಕಲ್ಲು ನಿಲ್ಲುಸಿ, ಪೂಜಗೆ ಹೇಳಿ ಗೆದ್ದೆ ಬಿಟ್ಟವು. ಕಲ್ಲಿಂಗೆ ಪೂಜೆ ಮಾಡದ್ದೆ ಉಂಡರೆ ಪೂಜೆಯೋನಿಂಗೆ ನಾಯಿಯ ಪಾಪ ತಾಗುಗು ಹೇಳಿಯೂ ಬರದ್ದವು. ನಾಯಿಗೆ ಇಷ್ಟು ಮರ್ಯಾದೆ ಕೊಟ್ಟೋರು, ತಪ್ಪುಸಿಗೊಂಡ ಮೃಗದ ಬಗ್ಗೆ ಎಂತದೂ ಬರದ್ದವಿಲ್ಲೆ.

ಪೆಟ್ಟಾದ ಜಿಂಕೆಯ ಹುಡ್ಕುಲೆ ಹೇಳಿಯೇ ನಾಯಿ ಸಾಂಕಿ ಕಲಿಶಿದ್ದರಲ್ಲಿ ಹೆಸರು ಹೋದ್ದು ಜರ್ಮನಿಯೋರದ್ದು. ಅಲ್ಯಾಣ ಹ್ಯಾನೋವರ್ ನಾಯಿ, ಬವೇರಿಯಾದ ಗುಡ್ಡೆನಾಯಿ ಈ ಕೆಲಸದ್ದೇ. ಗುಂಡು ತಾಗಿದ ಕೂಡ್ಲೆ ಹಿಂದಂದ ಓಡ್ಲಾಗ. ಆ ಜಾಗೆಲಿ ಒಂದು ಗೆಲ್ಲು ಕುತ್ತಿ ಗುರ್ತ ಮಾಡಿ ಕೆಲವು ಗಂಟೆ ಸುಮ್ಮನೆ ಕೂರೆಕ್ಕು. ಅಟ್ಟಿದರೆ ಜೀವ ಬಿಟ್ಟು ದೂರ ಓಡುತ್ತು, ಬಿಟ್ಟರೆ ಹತ್ತರೆಯೇ ಎಲ್ಲಿಯಾದರೂ ಮನಿಕ್ಕೊಳ್ತು. ನೆತ್ತರಿಲಿ ನೊರೆ ಇದ್ದರೆ ಶ್ವಾಸಕೋಶಕ್ಕೆ ತಾಗಿದ್ದು, ಕಪ್ಪುಕೆಂಪು ಆದರೆ ಲಿವರಿಂಗೆ, ಅಗುದ ಹುಲ್ಲಿನ ಚೂರು ಇದ್ದರೆ ಹೊಟ್ಟೆಗೆ. ಮತ್ತೆ ಹತ್ತು ಮೀಟರಿನಷ್ಟು ಉದ್ದದ ಬಳ್ಳಿ ಕಟ್ಟಿ ನಾಯಿಯ ಮುಂದೆ ಬಿಡುದು. ನೆತ್ತರು ನಿಂದರೂ ಅದು ದಾರಿ ತಪ್ಪ. ಜಿಂಕೆಯ ಗೊರಸಿನ ಎಡೆಲಿ ಒಂದು ಗ್ರಂಥಿ ಇದ್ದು, ಒಂದೊಂದರ ವಾಸನೆ ಒಂದೊಂದು ನಮುನೆ. ಕುಂಞಿ ಅಪ್ಪಗಳೇ ಗೊರಸು ಒತ್ತಿದ ದಾರಿಲಿ ಮೂಸುಸಿ, ಕೊಡಿಲಿ ತಿಂಬಲೆ ಮಡಗಿ ಕಲಿಶುತ್ತವು. ನಮ್ಮ ಬೋಂಟೆಯ ಬೊಬ್ಬೆಗೆ ತೀರಾ ಉಲ್ಟಾ ಕೆಲಸ.

ನಮ್ಮಲ್ಲಿ 1972ರಲ್ಲಿ ವನ್ಯಜೀವಿ ಕಾನೂನು ಬಂತು, 1991ರ ತಿದ್ದುಪಡಿಲಿ ಬೇಟೆಯ ಲೈಸನ್ಸೂ ಹೋತು. ಎಡೆಲಿ 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಆಗಿ ಬೆಳ್ತಂಗಡಿಯ ಘಟ್ಟದ ಕಾಡೂ ಅದರೊಳ ಸೇರಿತ್ತು. ಕೆಡ್ಡಸಲ್ಲಿ ಈಗ ಒಳುದ್ದು ಎಣ್ಣೆ, ನನ್ನೆರಿ. ಬೋಂಟೆ ಹೋದ್ದಕ್ಕೆ ಎನಗೆ ಬೇಜಾರ ಏನೂ ಇಲ್ಲೆ.

ನಾಯಿಯ ಮೂಗು ಮಾಂತ್ರ ಈಗ ಮೃಗದ ಪಕ್ಷಕ್ಕೆ ಸೇರಿದ್ದು. ಬಂಡೀಪುರಲ್ಲಿ ಅರಣ್ಯ ಇಲಾಖೆಯ ರಾಣ ಹೇಳ್ತ ನಾಯಿ ಕಳ್ಳಬೇಟೆಯೋರ ಜಾಡು ಹಿಡುದು ಹೆಸರು ಮಾಡಿತ್ತು. ಆದರೆ ಚಾರ್ಮಾಡಿ ಘಾಟಿಲಿ ಇರುಳು ಒಂದು ಕಡವೆಗೆ ವಾಹನ ತಾಗಿ, ಅದು ಕುಂಟಿಗೊಂಡು ಕಾಡು ಹೊಕ್ಕರೆ ಹುಡ್ಕುಲೆ ಆರು ಹೋವುತ್ತವು? ಜರ್ಮನಿಲಿ ಇದಕ್ಕೂ ಬಳ್ಳಿ ಕಟ್ಟಿದ ನಾಯಿಯನ್ನೇ ತತ್ತವು. ಕಳ್ಳನ ಜಾಡು ಕಲ್ತ ಮೂಗಿಂಗೆ ಗಾಯದ ಜಾಡು ಕಲಿಶುಲೆ ಎಡಿಯದ್ದೆ ಇಲ್ಲೆ. ಮದ್ದು ಮಾಡ್ಲೆಡಿಗಾದರೆ ಮದ್ದು, ಇಲ್ಲದ್ರೆ ನರಳದ್ದ ಹಾಂಗೆ ಒಂದು ಸಾವು. ಎರಡಕ್ಕೂ ಮದಾಲು ಅದು ಎಲ್ಲಿ ಬಿದ್ದಿದು ಹೇಳಿ ಗೊಂತಾಯೆಕ್ಕನ್ನೆ.